ತಲೆ ತಿರುಗಿಸಿ ನೋಡಿ: ವಿ.ಆರ್. ಮತ್ತು ಎಂ.ಆರ್. ಮಾಮೂಲಿ ಕಂಪ್ಯೂಟರ್‌ಗಿಂತ ಹೇಗೆ ಬೇರೆ?

  

ಇವತ್ತಿನ ವಿಷಯ ವರ್ಚುವಲ್ ರಿಯಾಲಿಟಿ ಮತ್ತು ಮಿಕ್ಸ್ಡ್ ರಿಯಾಲಿಟಿ. ಮಾತು ಸುಲಭವಾಗಲಿ ಅಂತ ಮೊದಲನೆಯದನ್ನು ವಿ.ಆರ್. ಅಂತಲೂ ಎರಡನೆಯದನ್ನು ಎಂ.ಆರ್. ಅಂತಲೂ ಕರೆಯೋಣ. ವಿ.ಆರ್.ನಲ್ಲಿ ಸುತ್ತಲಿನ ಕೋಣೆ ಪೂರ್ತಿ ಮರೆಯಾಗಿ ಕಂಪ್ಯೂಟರ್ ಬರೆದ ಲೋಕ ಮಾತ್ರ ಕಾಣುತ್ತೆ. ಎಂ.ಆರ್.ನಲ್ಲಿ ನಮ್ಮ ಕೋಣೆಯೂ ಕಾಣುತ್ತೆ, ಅದರೊಳಗೆ ಕಂಪ್ಯೂಟರ್ ತಂದಿಟ್ಟ ವಸ್ತುಗಳೂ ಕಾಣುತ್ತವೆ. ಇಷ್ಟು ಬಹಳ ಜನರಿಗೆ ಗೊತ್ತು.

ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಈ ಹೆಡ್‌ಸೆಟ್ ಬಿಚ್ಚಿ ನೋಡಿದರೆ ಒಳಗೆ ಇರೋದೇನು? ಪರದೆ, ಪ್ರೊಸೆಸರ್, ಬ್ಯಾಟರಿ, ಕ್ಯಾಮೆರಾ. ನಿಮ್ಮ ಜೇಬಿನಲ್ಲಿರೋ ಫೋನಿನಲ್ಲೂ ಇರೋದು ಇವೇ. ಹಾಗಿದ್ರೆ ಫೋನನ್ನ ಕಣ್ಣಿಗೆ ಕಟ್ಟಿಕೊಂಡ ಹಾಗೆ, ಅಷ್ಟೇ ತಾನೇ? ಇದನ್ನೇ ಬೇರೆ ಜಾತಿಯ ಯಂತ್ರ ಅಂತ ಯಾಕೆ ಹೇಳಬೇಕು?

ಇದು ಬರೀ ತಾಂತ್ರಿಕ ಕುತೂಹಲದ ಪ್ರಶ್ನೆ ಅಲ್ಲ. ಮಕ್ಕಳು ಹುಟ್ಟುಹಬ್ಬಕ್ಕೆ ಹೆಡ್‌ಸೆಟ್ ಕೇಳ್ತಾ ಇದ್ದಾರೆ, ಕೆಲವು ಕಚೇರಿಗಳು ತರಬೇತಿಗೆ ಬಳಸ್ತಾ ಇವೆ, ಆಸ್ಪತ್ರೆಗಳೂ ಪ್ರಯತ್ನಿಸ್ತಾ ಇವೆ. ಇದು ನಮ್ಮಿಂದ ಏನು ಪಡೆಯುತ್ತೆ, ನಮಗೆ ಏನು ಕೊಡುತ್ತೆ ಅನ್ನೋದು ಗೊತ್ತಿಲ್ಲದೆ ತಲೆಗೆ ಏರಿಸಿಕೊಳ್ಳೋದು ಜಾಣತನ ಅಲ್ಲ.

ವ್ಯತ್ಯಾಸ ತ್ರೀಡಿಯಲ್ಲಿ ಇಲ್ಲ

ಯಾರನ್ನ ಕೇಳಿದರೂ ಮೊದಲು ಬರೋ ಉತ್ತರ, “ಅದರಲ್ಲಿ ಎಲ್ಲ ತ್ರೀಡಿ ಕಾಣುತ್ತೆ” ಅನ್ನೋದು. ಆದರೆ ತ್ರೀಡಿ ತುಂಬಾ ಹಳೆಯದು. ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ತೋರಿಸಿದರೆ ಮಿದುಳು ಅವನ್ನು ಸೇರಿಸಿ ಆಳ ಕಾಣುತ್ತೆ ಅಂತ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲೇ ತೋರಿಸಿಕೊಟ್ಟಿದ್ದರು. ಅವರ ಆ ಸಾಧನದ ಹೆಸರು ಸ್ಟೀರಿಯೋಸ್ಕೋಪ್. ನಮ್ಮ ದೇಶದಲ್ಲೂ 1984ರಲ್ಲಿ ಮಲಯಾಳಂನ ‘ಮೈ ಡಿಯರ್ ಕುಟ್ಟಿಚ್ಚಾತ್ತನ್’ ಬಂದಾಗ ಜನ ಕನ್ನಡಕ ಹಾಕಿಕೊಂಡು ತ್ರೀಡಿ ಸಿನಿಮಾ ನೋಡಿದ್ದಾರೆ. ಅದನ್ನು ಯಾರೂ ವಿ.ಆರ್. ಅನ್ನಲಿಲ್ಲ.

ಯಾಕೆ ಅನ್ನಲಿಲ್ಲ? ಆ ಚಿತ್ರಮಂದಿರದಲ್ಲೇ ಒಂದು ಪರೀಕ್ಷೆ ಮಾಡಿ ನೋಡೋಣ. ಪರದೆಯ ಮೇಲೆ ಒಂದು ಕಂಬ ಇದೆ, ಅದರ ಹಿಂದೆ ಒಬ್ಬ ಅಡಗಿ ನಿಂತಿದ್ದಾನೆ ಅಂತ ಇಟ್ಟುಕೊಳ್ಳಿ. ನೀವು ಕೂತಲ್ಲೇ ಎಡಕ್ಕೆ ವಾಲಿ ಇಣುಕಿ ನೋಡಿ. ಅವನು ಕಾಣ್ತಾನಾ? ಇಲ್ಲ. ಎದ್ದು ಬೇರೆ ಸೀಟಿಗೆ ಹೋಗಿ ಕೂತರೂ ಕಾಣಲ್ಲ. ಮುಂದಿನ ಸಾಲಿನವರಿಗೂ ಬಾಲ್ಕನಿಯವರಿಗೂ ಕಾಣೋದು ಒಂದೇ ನೋಟ. ಆ ಚಿತ್ರಕ್ಕೆ ನೀವು ಎಲ್ಲಿದ್ದೀರಿ ಅನ್ನೋದು ಗೊತ್ತಿಲ್ಲ, ಗೊತ್ತಾಗಬೇಕಾಗೂ ಇಲ್ಲ.

ಈಗ ನಿಮ್ಮ ಮನೆಯ ನಿಜವಾದ ಕಂಬದ ಮುಂದೆ ನಿಂತು ಎಡಕ್ಕೆ ವಾಲಿ. ಹಿಂದಿರೋದು ಕಾಣುತ್ತೆ. ಒಂದು ಹೆಜ್ಜೆ ಹತ್ತಿರ ಹೋದರೆ ಕಂಬ ದೊಡ್ಡದಾಗುತ್ತೆ, ಬಗ್ಗಿದರೆ ಮೇಜಿನ ಅಡಿ ಕಾಣುತ್ತೆ. ಹುಟ್ಟಿದಾಗಿನಿಂದ ಲೋಕ ನಮ್ಮ ತಲೆಯ ಪ್ರತಿ ಅಲುಗಾಟಕ್ಕೂ ಹೀಗೇ ಉತ್ತರ ಕೊಡ್ತಾ ಬಂದಿದೆ. ವಿ.ಆರ್. ಮತ್ತು ಎಂ.ಆರ್. ಮಾಡಲು ಹೊರಟಿರೋದು ಇದನ್ನೇ: ಈ ಕ್ಷಣ, ಈ ಜಾಗದಲ್ಲಿರೋ, ಈ ಒಂದು ತಲೆಗೆ ಮಾತ್ರ ಸರಿಹೊಂದುವ ನೋಟವನ್ನು ಬರೆದು ಕೊಡೋದು. ತಲೆ ಅಲುಗಿದರೆ ಮತ್ತೆ ಬರೆಯೋದು.

ಹಾಗಾಗಿ ನಾವು ಕೊಡೋ ಒಂದು ಸರಳ ಒರೆಗಲ್ಲು ಇದು. ತಲೆ ತಿರುಗಿಸಿ ನೋಡಿ. ಚಿತ್ರ ನಿಮ್ಮ ತಲೆಯ ಜೊತೆಗೇ ಬಂದರೆ ಅಥವಾ ಏನೂ ಆಗದೆ ಮೇಜಿನ ಮೇಲೇ ಉಳಿದರೆ ಅದು ಮಾಮೂಲಿ ಪರದೆ. ನೀವು ತಿರುಗಿದಾಗಲೂ ವಸ್ತುಗಳು ತಮ್ಮ ಜಾಗದಲ್ಲೇ ನಿಂತು, ಅವುಗಳ ಬೇರೆ ಮಗ್ಗುಲು ನಿಮಗೆ ಕಂಡರೆ ಅದು ಈ ಹೊಸ ಜಾತಿ.

ಒಂದೇ ಸಮ್ಮೇಳನ, ಎರಡು ದಾರಿ

ಈ ಎರಡು ಜಾತಿಗಳ ಇತಿಹಾಸದಲ್ಲಿ ಒಂದು ಸೊಗಸಾದ ಕಾಕತಾಳೀಯ ಇದೆ. 1968ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ದೊಡ್ಡ ಕಂಪ್ಯೂಟರ್ ಸಮ್ಮೇಳನ ನಡೆಯಿತು. ಅಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಸುಮಾರು 90 ನಿಮಿಷ ಒಂದು ಪ್ರದರ್ಶನ ಕೊಟ್ಟರು. ಕೈಯಲ್ಲಿ ಮೌಸ್, ಎದುರಿಗೆ ಪರದೆ, ಪರದೆಯ ಮೇಲೆ ತಿದ್ದಬಹುದಾದ ಬರಹ, ಒಂದು ಕಡೆಯಿಂದ ಇನ್ನೊಂದಕ್ಕೆ ಹಾರುವ ಕೊಂಡಿಗಳು, ದೂರದಲ್ಲಿರೋ ಸಹೋದ್ಯೋಗಿಯ ಮುಖ ತೋರಿಸುವ ವಿಡಿಯೋ. ಇವತ್ತು ನಾವು ಕಂಪ್ಯೂಟರ್ ಬಳಸುವ ರೀತಿಯ ಬಹುಪಾಲು ಅಲ್ಲಿತ್ತು.

ಅದೇ ಸಮ್ಮೇಳನದ ಪ್ರಬಂಧಗಳಲ್ಲಿ ಐವನ್ ಸದರ್‌ಲೆಂಡ್ ಬರೆದ ಒಂದು ಪ್ರಬಂಧವೂ ಇತ್ತು. ವಿಷಯ, ತಲೆಗೆ ಹಾಕಿಕೊಳ್ಳುವ ತ್ರೀಡಿ ಪರದೆ. ಅದನ್ನು ಚಾವಣಿಯಿಂದ ಇಳಿಬಿಟ್ಟ ಲೋಹದ ತೋಳಿಗೆ ಜೋಡಿಸಿದ್ದರು. ಆ ತೋಳೇ ತಲೆ ಎತ್ತ ತಿರುಗಿದೆ ಅಂತ ಅಳೆದು ಕಂಪ್ಯೂಟರ್‌ಗೆ ಹೇಳ್ತಿತ್ತು. ಕಾಣ್ತಿದ್ದದ್ದು ಗೆರೆಗಳಲ್ಲಿ ಬರೆದ ಸರಳ ಆಕೃತಿಗಳು ಮಾತ್ರ. ಕಣ್ಣಿನ ಮುಂದೆ ಅರೆಪಾರದರ್ಶಕ ಕನ್ನಡಿ ಇದ್ದದ್ದರಿಂದ ಆ ಗೆರೆಗಳ ಹಿಂದೆ ನಿಜವಾದ ಕೋಣೆಯೂ ಕಾಣ್ತಿತ್ತು. ಅಂದರೆ ಈ ಮೊದಲ ಹೆಡ್‌ಸೆಟ್ ಇವತ್ತಿನ ಲೆಕ್ಕದಲ್ಲಿ ವಿ.ಆರ್.ಗಿಂತ ಎಂ.ಆರ್.ಗೇ ಹತ್ತಿರ!

ಆ ಪ್ರಬಂಧದಲ್ಲಿ ಸದರ್‌ಲೆಂಡ್ ಒಂದು ಮುಖ್ಯ ಮಾತು ಹೇಳಿದ್ದರು. ಎರಡು ಕಣ್ಣಿಗೆ ಎರಡು ಚಿತ್ರ ಕೊಡೋದು ಮುಖ್ಯವೇ, ಆದರೆ ನೋಡುವವನ ತಲೆ ಸರಿದಾಗ ಚಿತ್ರ ಬದಲಾಗೋದು ಅದಕ್ಕಿಂತ ಮುಖ್ಯ ಅನ್ನೋದು ಅದರ ಸಾರ. ಐವತ್ತು ವರ್ಷ ಕಳೆದರೂ ಈ ಮಾತು ಹಳತಾಗಿಲ್ಲ.

ಒಂದು ದಾರಿಯಲ್ಲಿ ಮನುಷ್ಯ ಯಂತ್ರದ ಎದುರು ಕೂತ. ಇನ್ನೊಂದರಲ್ಲಿ ಯಂತ್ರ ಮನುಷ್ಯನ ತಲೆಯನ್ನೇ ಹಿಂಬಾಲಿಸಲು ಶುರುಮಾಡಿತು.

ಕಾಯುವ ಯಂತ್ರ, ಕಾಯದ ಯಂತ್ರ

ಮಾಮೂಲಿ ಕಂಪ್ಯೂಟರ್ ಒಂದು ರೀತಿಯಲ್ಲಿ ಹೋಟೆಲ್ ಮಾಣಿಯ ಹಾಗೆ. ನೀವು ಆರ್ಡರ್ ಕೊಡೋವರೆಗೂ ನಿಂತಿರುತ್ತೆ. ಒಂದು ಕೀಲಿ ಒತ್ತಿದಿರಿ, ಅಕ್ಷರ ಬಂತು. ಕ್ಲಿಕ್ ಮಾಡಿದಿರಿ, ಕಡತ ತೆರೆಯಿತು. ನಡುವೆ ನೀವು ಕಾಫಿ ಕುಡಿದು ಬಂದರೆ ಅದಕ್ಕೇನೂ ಬೇಸರ ಇಲ್ಲ. ಉತ್ತರ ಅರ್ಧ ಸೆಕೆಂಡ್ ತಡವಾದರೆ ನಿಮಗೆ ಸ್ವಲ್ಪ ಕಿರಿಕಿರಿ ಆಗಬಹುದು, ಆದರೆ ಬಂದ ಉತ್ತರ ತಪ್ಪಾಗಿರಲ್ಲ.

ಹೆಡ್‌ಸೆಟ್‌ಗೆ ಈ ಸುಖ ಇಲ್ಲ. ನೀವು ಏನೂ ಮಾಡದೆ ಸುಮ್ಮನೆ ಕೂತಿದ್ದರೂ ನಿಮ್ಮ ತಲೆ ಸಣ್ಣದಾಗಿ ಅಲುಗ್ತಾನೇ ಇರುತ್ತೆ. ಉಸಿರಾಡಿದರೂ ಅಲುಗುತ್ತೆ. ಹಾಗಾಗಿ ಯಂತ್ರ ಆರ್ಡರ್‌ಗೆ ಕಾಯುವ ಹಾಗಿಲ್ಲ. ಸೆಕೆಂಡಿಗೆ 90 ಚಿತ್ರ ತೋರಿಸುವ ಹೆಡ್‌ಸೆಟ್‌ನಲ್ಲಿ ಒಂದೊಂದು ಚಿತ್ರಕ್ಕೆ ಸಿಗೋ ಸಮಯ 11 ಮಿಲಿಸೆಕೆಂಡ್ ಚಿಲ್ಲರೆ. ಅಷ್ಟರೊಳಗೆ ತಲೆ ಎಲ್ಲಿದೆ ಅಂತ ಅಳೆದು, ಎರಡೂ ಕಣ್ಣಿನ ನೋಟ ಬರೆದು ಮುಗಿಸಬೇಕು.

ತಡವಾದರೆ ಏನಾಗುತ್ತೆ? ಲೆಕ್ಕ ಹಾಕೋಣ. ಯಾರೋ ಕರೆದರು ಅಂತ ನಾವು ತಲೆ ತಿರುಗಿಸುವಾಗ ಸೆಕೆಂಡಿಗೆ 100 ಡಿಗ್ರಿ ವೇಗ ಬಹಳ ಹೆಚ್ಚೇನಲ್ಲ. ಚಿತ್ರ 50 ಮಿಲಿಸೆಕೆಂಡ್ ತಡವಾದರೆ ಅಷ್ಟರಲ್ಲಿ ತಲೆ 5 ಡಿಗ್ರಿ ತಿರುಗಿಬಿಟ್ಟಿರುತ್ತೆ. ತೋಳು ಪೂರ್ತಿ ಚಾಚಿ ನಡುವಿನ ಮೂರು ಬೆರಳು ಜೋಡಿಸಿ ಹಿಡಿದರೆ ಆ ಅಗಲ ಸುಮಾರು 5 ಡಿಗ್ರಿ. ಹುಣ್ಣಿಮೆಯ ಚಂದ್ರನ ಅಗಲ ಅರ್ಧ ಡಿಗ್ರಿ, ಅಂದರೆ ಇದು ಹತ್ತು ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಅಷ್ಟು ದೂರ ಇಡೀ ಲೋಕ ಜಾರಿ, ಮತ್ತೆ ಓಡಿ ಬಂದು ತನ್ನ ಜಾಗ ಸೇರಿಕೊಳ್ಳುತ್ತೆ. ಮನೆಯ ಗೋಡೆ ಯಾವತ್ತಾದರೂ ಹೀಗೆ ಮಾಡಿದೆಯಾ? ಅದಕ್ಕೇ ತಲೆ ಅಲುಗಿದ್ದಕ್ಕೂ ಕಣ್ಣಿಗೆ ಬೆಳಕು ತಲುಪಿದ್ದಕ್ಕೂ ನಡುವಿನ ಅಂತರ ಸುಮಾರು 20 ಮಿಲಿಸೆಕೆಂಡ್ ಒಳಗಿರಬೇಕು ಅನ್ನೋದು ಈ ಕ್ಷೇತ್ರದ ಎಂಜಿನಿಯರ್‌ಗಳು ಇಟ್ಟುಕೊಂಡಿರೋ ಗುರಿ.

ಅಂದರೆ ಮಾಮೂಲಿ ಕಂಪ್ಯೂಟರ್‌ನಲ್ಲಿ ತಡ ಅನ್ನೋದು ಒಂದು ಅನಾನುಕೂಲ. ಇಲ್ಲಿ ತಡ ಅಂದರೆ ಸುಳ್ಳು. ಆ ಸುಳ್ಳನ್ನು ನಿಮ್ಮ ಬುದ್ಧಿಗಿಂತ ಮೊದಲು ಹೊಟ್ಟೆ ಹಿಡಿಯುತ್ತೆ. ಆ ಮಾತಿಗೆ ಆಮೇಲೆ ಬರೋಣ.

ತಲೆ ಎಲ್ಲಿದೆ ಅಂತ ಯಂತ್ರಕ್ಕೆ ಹೇಗೆ ಗೊತ್ತು?

ಈಗ ಚಾವಣಿಯಿಂದ ಇಳಿಬಿಟ್ಟ ತೋಳು ಇಲ್ಲ. ಬದಲಿಗೆ ಎರಡು ಬಗೆಯ ಸಂವೇದಕಗಳು ಒಟ್ಟಿಗೆ ಕೆಲಸ ಮಾಡುತ್ತವೆ.

ಮೊದಲನೆಯದು ಗೈರೋಸ್ಕೋಪ್ ಮತ್ತು ಆಕ್ಸಿಲರೋಮೀಟರ್. ಒಂದು ತಿರುಗುವ ವೇಗ ಅಳೆಯುತ್ತೆ, ಇನ್ನೊಂದು ವೇಗ ಎಷ್ಟು ಬದಲಾಯಿತು ಅಂತ ಅಳೆಯುತ್ತೆ. ಸೆಕೆಂಡಿಗೆ ನೂರಾರು ಸಲ ಅಳೆಯಬಲ್ಲವು, ಬಹಳ ಚುರುಕು. ಆದರೆ ಒಂದು ದೋಷ ಇದೆ. ಆಕ್ಸಿಲರೋಮೀಟರ್‌ನಿಂದ ದೂರ ತಿಳಿಯಬೇಕಾದರೆ ಅದರ ಅಳತೆಯನ್ನು ಎರಡು ಸಲ ಕೂಡಿಸ್ತಾ ಹೋಗಬೇಕು. ಅಳತೆಯಲ್ಲಿ ಸೆಕೆಂಡ್ ವರ್ಗಕ್ಕೆ ಬರೀ ಒಂದು ಸೆಂಟಿಮೀಟರ್‌ನಷ್ಟು ತಪ್ಪಿದ್ದರೂ, ಹತ್ತೇ ಸೆಕೆಂಡಿನಲ್ಲಿ ನೀವು ಅರ್ಧ ಮೀಟರ್ ಸರಿದಿದ್ದೀರಿ ಅಂತ ಅದು ನಂಬಿಬಿಡುತ್ತೆ. ನೀವು ಕೂತಲ್ಲೇ ಕೂತಿರ್ತೀರಿ.

ಎರಡನೆಯದು ಕ್ಯಾಮೆರಾ. ಅದು ನಿಮ್ಮ ಕೋಣೆಯ ಗುರುತುಗಳನ್ನ ಹುಡುಕುತ್ತೆ. ಕಿಟಕಿಯ ಮೂಲೆ, ಕ್ಯಾಲೆಂಡರಿನ ಅಂಚು, ಮೇಜಿನ ತುದಿ. ಹಳ್ಳಿ ದಾರಿಯಲ್ಲಿ ಅರಳಿಮರ, ದೇವಸ್ಥಾನ, ಬಾವಿ ಅಂತ ಗುರುತಿಟ್ಟು ನಡೆಯೋ ಹಾಗೆ, ಈ ಗುರುತುಗಳು ಎತ್ತ ಸರಿದವು ಅಂತ ನೋಡಿ ತಾನೆಲ್ಲಿದೆ ಅಂತ ಲೆಕ್ಕ ಹಾಕುತ್ತೆ. ಹಾಕ್ತಾ ಹಾಕ್ತಾ ಕೋಣೆಯ ನಕ್ಷೆಯನ್ನೂ ಮಾಡಿಕೊಳ್ಳುತ್ತೆ. ಕ್ಯಾಮೆರಾ ನಿಧಾನ, ಆದರೆ ದಾರಿ ತಪ್ಪಲ್ಲ. ಗೈರೋಸ್ಕೋಪ್ ಚುರುಕು, ಆದರೆ ದಾರಿ ತಪ್ಪುತ್ತೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ. ಕತ್ತಲ ಕೋಣೆಯಲ್ಲಿ ಅಥವಾ ಏನೂ ಇಲ್ಲದ ಬಿಳೀ ಗೋಡೆಯ ಎದುರು ಹೆಡ್‌ಸೆಟ್ ತಡವರಿಸೋದು ಇದೇ ಕಾರಣಕ್ಕೆ.

ಇನ್ನೊಂದು ಉಪಾಯ, ಮುಂದಾಲೋಚನೆ. ಚಿತ್ರ ಬರೆದು ಮುಗಿಯುವ ಹೊತ್ತಿಗೆ ತಲೆ ಎಲ್ಲಿರುತ್ತೆ ಅಂತ ಯಂತ್ರ ಊಹೆ ಮಾಡಿ ಆ ಜಾಗಕ್ಕೆ ಚಿತ್ರ ಬರೆಯುತ್ತೆ. ಊಹೆ ಸ್ವಲ್ಪ ತಪ್ಪಿದ್ದರೆ ತೋರಿಸುವ ಕೊನೇ ಗಳಿಗೆಯಲ್ಲಿ ಬರೆದ ಚಿತ್ರವನ್ನೇ ಸ್ವಲ್ಪ ಸರಿಸಿ ಹೊಂದಿಸುತ್ತೆ.

ಹೊಟ್ಟೆ ತೊಳಸೋದು ಯಾಕೆ?

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಕೂತು ಪುಸ್ತಕ ಓದಿ ನೋಡಿದವರಿಗೆ ಇದನ್ನ ವಿವರಿಸೋದು ಸುಲಭ. ಒಳಕಿವಿಯಲ್ಲಿ ಸಮತೋಲನದ ಅಂಗ ಇದೆ. ಅದು ದೇಹ ತಿರುಗ್ತಾ ಇದೆ, ವಾಲ್ತಾ ಇದೆ ಅಂತ ಹೇಳುತ್ತೆ. ಪುಸ್ತಕದ ಪುಟದ ಮೇಲಿರೋ ಕಣ್ಣು ಮಾತ್ರ “ಏನೂ ಅಲುಗ್ತಾ ಇಲ್ಲ” ಅನ್ನುತ್ತೆ. ಇಬ್ಬರು ಸಾಕ್ಷಿಗಳ ಮಾತು ಹೊಂದಲ್ಲ. ಹೊಟ್ಟೆ ತೊಳಸೋದು, ತಲೆಸುತ್ತು ಈ ಹೊಂದಿಕೆಯಿಲ್ಲದ ಸ್ಥಿತಿಯಿಂದ ಬರುತ್ತವೆ ಅನ್ನೋದು ಬಹಳ ವಿಜ್ಞಾನಿಗಳು ಒಪ್ಪುವ ವಿವರಣೆ.

ವಿ.ಆರ್.ನಲ್ಲಿ ಇದೇ ಜಗಳ ತಿರುವುಮುರುವು. ಆಟದಲ್ಲಿ ನೀವು ಕಾರಲ್ಲಿ ಓಡ್ತಾ ಇದ್ದೀರಿ, ಕಣ್ಣು “ಓಡ್ತಾ ಇದ್ದೀವಿ” ಅನ್ನುತ್ತೆ. ಕಿವಿ “ಇಲ್ಲ ಮಾರಾಯ, ಸೋಫಾ ಮೇಲೆ ಕೂತಿದ್ದೀವಿ” ಅನ್ನುತ್ತೆ. ಹಾಗಾಗಿ ನಿಮ್ಮ ಕಾಲಿಂದಲೇ ನಡೆಯುವ, ನಿಂತಲ್ಲೇ ಆಡುವ ಆಟಗಳು ಬಹಳ ಜನರಿಗೆ ಸಲೀಸು. ಯಂತ್ರವೇ ನಿಮ್ಮನ್ನು ಹೊತ್ತು ಓಡಿಸುವ ಆಟಗಳು ಕಷ್ಟ. ಎಷ್ಟೋ ಆಟಗಳಲ್ಲಿ ಓಡುವ ಬದಲು ಒಂದು ಜಾಗ ತೋರಿಸಿ ಅಲ್ಲಿಗೆ ಥಟ್ಟನೆ ಹಾರುವ ವ್ಯವಸ್ಥೆ ಇರೋದು ಈ ಜಗಳ ತಪ್ಪಿಸೋದಕ್ಕೆ.

ಕಣ್ಣಿನೊಳಗೇ ಇನ್ನೊಂದು ಸಣ್ಣ ಜಗಳ ಇದೆ. ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣುಗುಡ್ಡೆಗಳು ಮೂಗಿನ ಕಡೆ ತಿರುಗುತ್ತವೆ, ಜೊತೆಗೆ ಕಣ್ಣಿನ ಮಸೂರವೂ ಹತ್ತಿರಕ್ಕೆ ಹೊಂದಿಕೊಳ್ಳುತ್ತೆ. ಈ ಎರಡು ಕೆಲಸ ಜೋಡೆತ್ತಿನ ಹಾಗೆ ಒಟ್ಟಿಗೆ ನಡೆಯೋದು ರೂಢಿ. ಆದರೆ ಹೆಚ್ಚಿನ ಹೆಡ್‌ಸೆಟ್‌ಗಳಲ್ಲಿ ಪರದೆಯ ಬೆಳಕು ಸದಾ ಒಂದೇ ದೂರದಿಂದ ಬಂದ ಹಾಗೆ ಇರುತ್ತೆ. ಮೂಗಿನ ಹತ್ತಿರ ಒಂದು ಚಿಟ್ಟೆ ಹಾರಿ ಬಂದರೆ ಕಣ್ಣುಗುಡ್ಡೆ ಒಳಕ್ಕೆ ತಿರುಗಬೇಕು, ಮಸೂರ ಮಾತ್ರ ದೂರಕ್ಕೇ ಹೊಂದಿಕೊಂಡಿರಬೇಕು. ಒಂದು ಎತ್ತು ಏರಿಗೆ, ಇನ್ನೊಂದು ನೀರಿಗೆ ಎಳೆದ ಹಾಗೆ. ಬಹಳ ಹೊತ್ತು ಹೀಗಿದ್ದರೆ ಕಣ್ಣು ದಣಿಯುತ್ತೆ.

ಸುಳ್ಳು ಅಂತ ಗೊತ್ತು, ಆದರೂ ಎದೆ ಹೊಡೆದುಕೊಳ್ಳುತ್ತೆ

ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕು? ಎಲ್ಲ ಸರಿಯಾಗಿ ಕೂಡಿ ಬಂದಾಗ ಬೇರೆ ಯಾವ ಪರದೆಯಿಂದಲೂ ಸಿಗದ ಒಂದು ಅನುಭವ ಸಿಗುತ್ತೆ, ಅದಕ್ಕೆ. “ನಾನು ಅಲ್ಲಿದ್ದೇನೆ” ಅನ್ನೋ ಭಾವ. ಸಂಶೋಧಕರು ಇದಕ್ಕೆ ಪ್ರೆಸೆನ್ಸ್ ಅಂತಾರೆ. ನಾವು ಇದನ್ನು ಇರುವಿಕೆ ಅನ್ನೋಣ.

ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ಕ್ಷೇತ್ರದಲ್ಲಿ ಪ್ರಸಿದ್ಧ. ಹೆಡ್‌ಸೆಟ್ ಹಾಕಿಕೊಂಡವರು ಒಂದು ಸಾಧಾರಣ ಕೋಣೆಯಿಂದ ಪಕ್ಕದ ಕೋಣೆಗೆ ಹೋಗಬೇಕು. ಆ ಕೋಣೆಯ ನಡುವೆ ನೆಲವೇ ಇಲ್ಲ, ಸುಮಾರು 6 ಮೀಟರ್ ಆಳದ ಗುಂಡಿ. ನಿಜದಲ್ಲಿ ಕಾಲಡಿ ಗಟ್ಟಿ ನೆಲ ಇದೆ, ಅದು ಎಲ್ಲರಿಗೂ ಗೊತ್ತು. ಆದರೂ ಅಂಚಿಗೆ ಬಂದಾಗ ಅವರ ಹೃದಯದ ಬಡಿತ ಏರಿತು. ಅದಾದ ಮೇಲೆ ಪ್ರಯೋಗ ಮಾಡಿದವರು ಅಂಚಿನ ಜಾಗದಲ್ಲಿ ಬರೀ ಒಂದೂವರೆ ಇಂಚು ದಪ್ಪದ ನಿಜವಾದ ಹಲಗೆ ಇಟ್ಟರು. ಹಲಗೆಯ ಅಂಚು ಪಾದಕ್ಕೆ ತಗುಲಿದಾಗ ಬಡಿತ ಇನ್ನೂ ಹೆಚ್ಚು ಏರಿತು. ಟಿ.ವಿ.ಯಲ್ಲಿ ಪ್ರಪಾತ ನೋಡಿದರೆ ನಾವು ಹಿಂದೆ ಹೆಜ್ಜೆ ಇಡಲ್ಲ. ಇಲ್ಲಿ ಬುದ್ಧಿ ಏನೇ ಹೇಳಲಿ, ಕಾಲು ಕೇಳಲ್ಲ.

ಈ ಶಕ್ತಿಯಿಂದ ಒಳ್ಳೆಯದೂ ಆಗಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಸುಟ್ಟ ಗಾಯದ ರೋಗಿಗಳಿಗಾಗಿ ‘ಸ್ನೋವರ್ಲ್ಡ್’ ಅನ್ನೋ ವಿ.ಆರ್. ಲೋಕವನ್ನು ಬಳಸಿದರು. ಗಾಯ ತೊಳೆದು ಕಟ್ಟುವ ಆ ಹೊತ್ತು ಭಯಂಕರ ನೋವಿನದು. ಆಗ ರೋಗಿ ಹಿಮದ ಕಣಿವೆಯಲ್ಲಿ ತೇಲ್ತಾ ಪೆಂಗ್ವಿನ್‌ಗಳ ಮೇಲೆ, ಹಿಮಮಾನವರ ಮೇಲೆ ಹಿಮದ ಉಂಡೆ ಎಸೀತಾ ಇರ್ತಾರೆ. ಔಷಧಿಯ ಜೊತೆಗೆ ಇದನ್ನೂ ಕೊಟ್ಟಾಗ ನೋವು ಕಡಿಮೆ ಅನ್ನಿಸಿತು ಅಂತ ರೋಗಿಗಳು ಹೇಳಿದ್ದಾರೆ. ಮನಸ್ಸಿನ ಗಮನಕ್ಕೂ ಮಿತಿ ಇದೆ. ಅದರ ದೊಡ್ಡ ಪಾಲು ಹಿಮದ ಕಣಿವೆಯಲ್ಲಿದ್ದರೆ ಗಾಯಕ್ಕೆ ಉಳಿಯೋದು ಕಡಿಮೆ.

ಮಿಕ್ಸ್ಡ್ ರಿಯಾಲಿಟಿ: ಕೋಣೆಯನ್ನೂ ಅರಿಯಬೇಕಾದ ಯಂತ್ರ

1994ರಲ್ಲಿ ಪಾಲ್ ಮಿಲ್‌ಗ್ರಾಮ್ ಮತ್ತು ಫುಮಿಯೋ ಕಿಶಿನೋ ಒಂದು ಸರಳ ಗೆರೆ ಎಳೆದರು. ಒಂದು ತುದಿಯಲ್ಲಿ ಪೂರ್ತಿ ನಿಜಲೋಕ, ಇನ್ನೊಂದು ತುದಿಯಲ್ಲಿ ಪೂರ್ತಿ ಕಂಪ್ಯೂಟರ್ ಲೋಕ. ನಡುವೆ ಇರೋದೆಲ್ಲ ಮಿಕ್ಸ್ಡ್ ರಿಯಾಲಿಟಿ. ಅದಕ್ಕೂ ಸ್ವಲ್ಪ ಮೊದಲು ಬೋಯಿಂಗ್ ಕಂಪನಿಯಲ್ಲಿ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಇದಕ್ಕೊಂದು ನಿಜವಾದ ಕೆಲಸ ಹುಡುಕಿದ್ದರು. ವಿಮಾನದ ವೈರುಗಳ ಕಂತೆ ಕಟ್ಟುವ ಕೆಲಸಗಾರ ನಕ್ಷೆ ನೋಡಿ, ಹಲಗೆ ನೋಡಿ, ಮತ್ತೆ ನಕ್ಷೆ ನೋಡೋ ಬದಲು, ಯಾವ ವೈರು ಎಲ್ಲಿ ಹೋಗಬೇಕು ಅನ್ನೋ ಗೆರೆ ಹಲಗೆಯ ಮೇಲೇ ಕಂಡರೆ ಹೇಗೆ? ಆಗ್ಮೆಂಟೆಡ್ ರಿಯಾಲಿಟಿ ಅನ್ನೋ ಮಾತು ಬಂದದ್ದು ಅವರಿಂದ.

ಮಾಮೂಲಿ ಕಂಪ್ಯೂಟರ್‌ಗೆ ಅದು ಕೂತಿರೋ ಕೋಣೆಯ ಗೊಡವೆ ಇಲ್ಲ. ಅಡುಗೆಮನೆಯಲ್ಲಿ ಇಟ್ಟರೂ ಎಕ್ಸೆಲ್ ಎಕ್ಸೆಲ್ಲೇ. ಎಂ.ಆರ್.ಗೆ ಹಾಗಲ್ಲ. ನಿಮ್ಮ ಮೇಜಿನ ಮೇಲೆ ಒಂದು ಗೊಂಬೆ ಕೂರಿಸಬೇಕಾದರೆ ಮೇಜು ಎಲ್ಲಿದೆ, ಎಷ್ಟು ಎತ್ತರ, ಬೆಳಕು ಯಾವ ಕಡೆಯಿಂದ ಬೀಳ್ತಿದೆ ಅಂತ ಅದಕ್ಕೆ ತಿಳಿಯಬೇಕು. ನೀವು ಗೊಂಬೆಯ ಮುಂದೆ ಕೈ ತಂದರೆ ಗೊಂಬೆ ಕೈಯ ಹಿಂದೆ ಮರೆಯಾಗಬೇಕು. ಆಗಲಿಲ್ಲ ಅಂದ್ರೆ ಗೊಂಬೆ ಕೈ ಮೇಲೆ ಅಂಟಿಸಿದ ಸ್ಟಿಕ್ಕರ್ ಥರ ಕಾಣುತ್ತೆ, ಅಲ್ಲಿಗೆ ಮಾಯೆ ಹರಿಯಿತು.

ಕೋಣೆ ತೋರಿಸೋದಕ್ಕೂ ಎರಡು ದಾರಿ. 2016ರಲ್ಲಿ ಬಂದ ಹೋಲೋಲೆನ್ಸ್ ಪಾರದರ್ಶಕ ಗಾಜಿನದು. ನಿಜಲೋಕ ನೇರವಾಗಿ ಕಾಣುತ್ತೆ, ಅದರ ಮೇಲೆ ಬೆಳಕು ಸೇರಿಸುತ್ತಾರೆ. ಇಲ್ಲಿ ಬೆಳಕು ಸೇರಿಸಬಹುದು, ಕಳೆಯಲು ಆಗಲ್ಲ. ಹಾಗಾಗಿ ಕಪ್ಪು ಬೆಕ್ಕನ್ನು ತೋರಿಸೋದು ಕಷ್ಟ, ಅದು ಪಾರದರ್ಶಕವಾಗಿಬಿಡುತ್ತೆ! 2024ರಲ್ಲಿ ಮಾರಾಟಕ್ಕೆ ಬಂದ ಆಪಲ್ ವಿಷನ್ ಪ್ರೊ ಇನ್ನೊಂದು ದಾರಿಯದು. ಕಣ್ಣು ಪೂರ್ತಿ ಮುಚ್ಚಿ, ಹೊರಗಿನ ಕ್ಯಾಮೆರಾಗಳ ವಿಡಿಯೋವನ್ನು ಒಳಗೆ ತೋರಿಸುತ್ತೆ. ಇಲ್ಲಿ ಕಪ್ಪು ಬೆಕ್ಕು ಕಪ್ಪಾಗೇ ಕಾಣುತ್ತೆ, ಆದರೆ ನಿಮ್ಮ ಸ್ವಂತ ಕೈ ಕೂಡ ವಿಡಿಯೋ ಆಗಿ ಸ್ವಲ್ಪ ತಡವಾಗಿ ಬರುತ್ತೆ. ಹೊಸ ಚಿತ್ರ 12 ಮಿಲಿಸೆಕೆಂಡಿನಲ್ಲಿ ಪರದೆ ತಲುಪುತ್ತೆ ಅಂತ ಆಪಲ್ ಹೇಳುತ್ತೆ. ಆ ಕೆಲಸಕ್ಕೇ ಒಂದು ಬೇರೆ ಚಿಪ್ ಇಟ್ಟಿದ್ದಾರೆ.

ಹಾಗಂತ ಮೌಸ್ ಎಸೆಯಬೇಡಿ

ಇದೆಲ್ಲ ಕೇಳಿ ಇನ್ನು ಲ್ಯಾಪ್‌ಟಾಪ್ ಕಾಲ ಮುಗೀತು ಅಂದುಕೊಳ್ಳಬೇಡಿ. ಮೌಸ್‌ನ ಜಾಣತನ ಇರೋದು ಅದರ ಸೋಮಾರಿತನದಲ್ಲಿ. ಮಣಿಕಟ್ಟು ಎರಡು ಇಂಚು ಸರಿದರೆ ಬಾಣದ ಗುರುತು ಇಡೀ ಪರದೆ ದಾಟುತ್ತೆ, ಮೊಣಕೈ ಮೇಜಿನ ಮೇಲೆ ಆರಾಮಾಗಿ ಇರುತ್ತೆ. ಗಾಳಿಯಲ್ಲಿ ಕೈ ಚಾಚಿ ಗುಂಡಿ ಒತ್ತೋದು ಸಿನಿಮಾದಲ್ಲಿ ಚಂದ. ಹತ್ತು ನಿಮಿಷ ಮಾಡಿ ನೋಡಿ, ಭುಜ ಬಿದ್ದುಹೋಗುತ್ತೆ.

ಗಾಳಿಯಲ್ಲಿ ಆಡುವ ಕೈಗೆ ಇನ್ನೊಂದು ತೊಡಕು ಇದೆ. ನಾವು ಮಾತಾಡುವಾಗಲೂ ಕೈ ಆಡಿಸ್ತೀವಿ, ತಲೆ ಕೆರೆದುಕೊಳ್ತೀವಿ. ಪ್ರತಿ ಚಲನೆಯೂ ಆಜ್ಞೆ ಅಂತ ಯಂತ್ರ ತಿಳಿದರೆ ಭಸ್ಮಾಸುರನ ಗತಿ; ವರ ಸಿಕ್ಕಿದ ಕೈಯನ್ನು ಎಲ್ಲೂ ಇಡುವ ಹಾಗಿಲ್ಲ. ಅದಕ್ಕೇ ವಿಷನ್ ಪ್ರೊ ಥರದ ಸಾಧನಗಳು ಎರಡು ಸಾಕ್ಷಿ ಕೇಳುತ್ತವೆ: ಕಣ್ಣು ನೋಡಬೇಕು, ಜೊತೆಗೆ ಎರಡು ಬೆರಳು ಚಿವುಟಬೇಕು.

ಓದುವ ವಿಷಯವಂತೂ ಕನ್ನಡಿಗರಾದ ನಮಗೆ ಮುಖ್ಯ. ಚೆನ್ನಾಗಿರುವ ಕಣ್ಣು ಒಂದು ಡಿಗ್ರಿ ಅಗಲದಲ್ಲಿ ಸುಮಾರು 60 ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಹೆಡ್‌ಸೆಟ್‌ಗಳು ಕೊಡೋದು 20ರಿಂದ 25. ನಮ್ಮ ಲಿಪಿಯಲ್ಲಿ ಅಕ್ಷರದ ಅಡಿಯಲ್ಲಿ ಸಣ್ಣದಾಗಿ ಒತ್ತಕ್ಷರ ಬರುತ್ತೆ, ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ದೀರ್ಘ. ಚುಕ್ಕೆ ಕಡಿಮೆಯಾದಾಗ ಮೊದಲು ಕಲಸಿಹೋಗೋದು ಈ ಸಣ್ಣ ಭಾಗಗಳೇ. ಹಾಗಾಗಿ ಕನ್ನಡವನ್ನು ಹಾಯಾಗಿ ಓದಬೇಕಾದರೆ ಅಕ್ಷರ ದೊಡ್ಡದು ಮಾಡಿಕೊಳ್ಳಬೇಕು, ಆಗ ಒಂದು ಪುಟದಲ್ಲಿ ಹಿಡಿಸೋದು ಕಡಿಮೆ. ಬರೆಯೋದಕ್ಕೆ, ಓದೋದಕ್ಕೆ, ಲೆಕ್ಕ ಇಡೋದಕ್ಕೆ ಮೇಜಿನ ಮೇಲಿನ ಪರದೆಯೇ ಈಗಲೂ ಮೇಲು. ಜಾಗ, ಗಾತ್ರ, ದೇಹದ ಚಲನೆ ಮುಖ್ಯವಾದ ಕೆಲಸಕ್ಕೆ ಹೆಡ್‌ಸೆಟ್.

ಸುಮ್ಮನಿರಲು ಬಾರದ ದೇಹ

ಕೊನೆಯ ವ್ಯತ್ಯಾಸ ಎಲ್ಲಕ್ಕಿಂತ ಗಂಭೀರ. ಮಾಮೂಲಿ ಕಂಪ್ಯೂಟರ್‌ನಲ್ಲೂ ನಮ್ಮ ಮಾಹಿತಿ ಸೋರುತ್ತೆ. ಆದರೆ ಟೈಪ್ ಮಾಡದಿರೋದು, ಕ್ಲಿಕ್ ಮಾಡದಿರೋದು ನಮ್ಮ ಕೈಯಲ್ಲಿದೆ. ಹೆಡ್‌ಸೆಟ್‌ನಲ್ಲಿ ಸುಮ್ಮನಿರೋ ಆಯ್ಕೆ ಇಲ್ಲ. ತಲೆಯ ಚಲನೆ ತಿಳಿಯದಿದ್ದರೆ ಅದು ಕೆಲಸವನ್ನೇ ಮಾಡಲ್ಲ. ನಿಮ್ಮ ಎತ್ತರ, ತೋಳಿನ ಉದ್ದ, ತಿರುಗುವ ಧಾಟಿ, ನಡೆಯುವ ಲಯ, ಕೆಲವು ಸಾಧನಗಳಲ್ಲಿ ಕಣ್ಣು ಎಲ್ಲಿ ಎಷ್ಟು ಹೊತ್ತು ನಿಂತಿತು ಅನ್ನೋದೂ ಅದಕ್ಕೆ ಸಿಗುತ್ತೆ.

ಇದರಿಂದೇನಾಗುತ್ತೆ ಅಂತ ಕೇಳಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ 511 ಜನರಿಗೆ ವಿ.ಆರ್. ವಿಡಿಯೋ ತೋರಿಸಿದರು. ಒಬ್ಬೊಬ್ಬರ ಐದು ನಿಮಿಷಕ್ಕೂ ಕಡಿಮೆ ಚಲನೆಯ ದಾಖಲೆಯಿಂದ, ಇದು ಯಾರ ಚಲನೆ ಅಂತ ಗಣಕ 95% ಸಲ ಸರಿಯಾಗಿ ಗುರುತಿಸಿತು. 2023ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಒಂದು ಜನಪ್ರಿಯ ವಿ.ಆರ್. ಆಟದ 50,000ಕ್ಕೂ ಹೆಚ್ಚು ಆಟಗಾರರ ದಾಖಲೆ ತೆಗೆದುಕೊಂಡರು. 100 ಸೆಕೆಂಡಿನ ಚಲನೆ ಸಾಕಾಯಿತು, 94% ಸಲ ಆ ವ್ಯಕ್ತಿ ಸಿಕ್ಕಿದರು. ಹೆಸರು ಬೇಡ, ಮುಖ ಬೇಡ. ನಡಿಗೆ ನೋಡಿಯೇ “ಅಗೋ ನಮ್ಮ ಚಿಕ್ಕಪ್ಪ ಬಂದರು” ಅಂತ ನಾವು ದೂರದಿಂದ ಗುರುತು ಹಿಡಿಯುತ್ತೀವಲ್ಲ, ಹಾಗೆ. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ತಲೆ ಅಲುಗಿಸುವ ಧಾಟಿಯನ್ನು ಬದಲಾಯಿಸೋದು ಹೇಗೆ?

ಇದಕ್ಕೆ ಪರಿಹಾರಗಳೂ ಇವೆ. ಕಣ್ಣಿನ ದಾಖಲೆ ಸಾಧನದ ಒಳಗೇ ಉಳಿದು, ನೀವು ಆಯ್ಕೆ ಮಾಡಿದ್ದು ಮಾತ್ರ ಆ್ಯಪ್‌ಗಳಿಗೆ ತಿಳಿಯುವ ಹಾಗೆ ಮಾಡಬಹುದು. ತಾವು ಹಾಗೇ ಮಾಡಿದ್ದೇವೆ ಅಂತ ಆಪಲ್ ಹೇಳುತ್ತೆ. ಎಲ್ಲ ಸಾಧನಗಳೂ ಹಾಗಿರಲೇಬೇಕು ಅಂತಿಲ್ಲ. ಆದ್ದರಿಂದ ಕೊಳ್ಳುವಾಗ ಪರದೆ ಎಷ್ಟು ಚೆಂದ ಅನ್ನೋದರ ಜೊತೆ ಮೂರು ಪ್ರಶ್ನೆ ಕೇಳಿ. ಒಂದು, ಚಲನೆಯ ಮತ್ತು ಕಣ್ಣಿನ ದಾಖಲೆ ಎಲ್ಲಿಗೆ ಹೋಗುತ್ತೆ? ಎರಡು, ನಮ್ಮ ಕೋಣೆಯ ನಕ್ಷೆ ಯಾರ ಬಳಿ ಉಳಿಯುತ್ತೆ, ಅಳಿಸಬಹುದಾ? ಮೂರು, ಮಕ್ಕಳಿಗೆ ಕಂಪನಿಯೇ ಹಾಕಿರೋ ವಯಸ್ಸಿನ ಮಿತಿ ಎಷ್ಟು?

ಮೊದಲ ಸಲ ಹಾಕಿಕೊಳ್ಳೋರಿಗೆ ಒಂದು ಕಿವಿಮಾತು. ಹತ್ತು ನಿಮಿಷ ಸಾಕು, ನಿಂತಲ್ಲೇ ಆಡುವ ಆಟದಿಂದ ಶುರುಮಾಡಿ. ಹೊಟ್ಟೆ ತೊಳಸಿದರೆ ತಡೆದುಕೊಂಡು ಕೂರಬೇಡಿ, ತೆಗೆದುಬಿಡಿ. ಊರಿಂದ ಬಂದಿರೋ ಅಪ್ಪ ಅಮ್ಮನಿಗೆ ತೋರಿಸೋದಾದರೆ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲೇ ನಿಂತಿರಿ. ಆ ಗುಂಡಿಯ ಪ್ರಯೋಗ ನೆನಪಿದೆಯಲ್ಲ, ಕಾಲು ಬುದ್ಧಿಯ ಮಾತು ಕೇಳಲ್ಲ.

ಒಟ್ಟಿನಲ್ಲಿ ಹೇಳೋದಾದರೆ, ಮಾಮೂಲಿ ಕಂಪ್ಯೂಟರ್‌ಗೆ ಬೇಕಾದ್ದು ನಮ್ಮ ಆಜ್ಞೆ. ವಿ.ಆರ್.ಗೆ ನಮ್ಮ ದೇಹ ಬೇಕು. ಎಂ.ಆರ್.ಗೆ ದೇಹದ ಜೊತೆ ನಮ್ಮ ಮನೆಯೂ ಬೇಕು. ಇರುವಿಕೆಯ ಆ ಬೆರಗು ಹುಟ್ಟೋದೂ ಇದರಿಂದಲೇ, ನಾವು ಎಚ್ಚರವಾಗಿರಬೇಕಾದ್ದೂ ಇದಕ್ಕೇ.

ಈ ಕಂತಿನ ಬಗ್ಗೆ ನಿಮ್ಮ ಪ್ರಶ್ನೆಗಳನ್ನು ನಮಗೆ ಕಳಿಸಿ. ಹೆಡ್‌ಸೆಟ್ ಬಳಸಿ ಕನ್ನಡ ಓದಿದವರಿದ್ದರೆ ನಿಮ್ಮ ಅನುಭವ ಕೇಳಲು ನಮಗೆ ವಿಶೇಷ ಆಸೆ.